ಬಳೆಯ ಅಳತೆ

ನನ್ನ ಸೊಸೆಯ ಕೈ ನಡುಗುತ್ತದೆ ಎಂದು ಯಂತ್ರವೊಂದು ಹೇಳಿತು. ಯಂತ್ರ ಹೇಳಿದ್ದನ್ನು ಜನ ನಂಬಿದರು. ಆ ಕೈಯಿಂದಲೇ ಹುಟ್ಟಿದ ಮಕ್ಕಳು ನಮ್ಮೂರಿನ ಒಂದೊಂದು ಓಣಿಯಲ್ಲೂ ಆಡಿಕೊಂಡಿದ್ದಾರೆ, ಆದರೂ ನಂಬಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಾನು ಶರಣಮ್ಮ. ಸರಕಾರಿ ದವಾಖಾನೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಈಗಲೂ ಓಣಿಯವರ ಬಾಯಲ್ಲಿ ಶರಣಮ್ಮ ಸಿಸ್ಟರ್. ಸೊಸೆ ಇಂಚರಾ ಅದೇ ದವಾಖಾನೆಯಲ್ಲಿ ಸರ್ಜನ್. ಮಗ ಪ್ರಭು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಮನೆಯಲ್ಲಿ ಇರುವುದು ನಾವು ಮೂವರೇ. ನಾನು ಹೇಳುತ್ತಿರುವ ಈ ಕತೆಯ ಹೊತ್ತಿಗೆ ನಾಲ್ಕನೆಯ ಜೀವ ಇಂಚರಾಳ ಹೊಟ್ಟೆಯಲ್ಲಿತ್ತು.

ಆ ಯಂತ್ರದ ಹೆಸರು ದೂರಗೈ, ಅದು ಏನೆಂದು ಮೊದಲು ಹೇಳಿಬಿಡುತ್ತೇನೆ. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಸೀಮೆಯಲ್ಲಿ ತಾಲ್ಲೂಕಿಗೊಂದು ದವಾಖಾನೆ ಕಟ್ಟುವುದು ಸರಕಾರಕ್ಕೆ ಕಷ್ಟವಾಗಲಿಲ್ಲ, ಅದರೊಳಗೆ ಸರ್ಜನ್ನರನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಬಂದವರು ಪೆಟ್ಟಿಗೆ ಬಿಚ್ಚುವ ಮೊದಲೇ ವರ್ಗಕ್ಕೆ ಓಡಾಡುತ್ತಿದ್ದರು. ಕಡೆಗೆ ಜಿಲ್ಲಾ ಕೇಂದ್ರದಲ್ಲಿ ದೊಡ್ಡದೊಂದು ಕೋಣೆ ಕಟ್ಟಿಸಿ ಎಂಟು ಕುರ್ಚಿ ಹಾಕಿಸಿದರು. ಪ್ರತಿ ತಾಲ್ಲೂಕು ದವಾಖಾನೆಯ ಆಪರೇಷನ್ ಟೇಬಲ್ಲಿನ ಮೇಲೆ ಒಂದು ಜೊತೆ ಉಕ್ಕಿನ ಕೈ ಇಳಿಬಿಟ್ಟರು. ಕುರ್ಚಿಯಲ್ಲಿ ಕೂತ ಸರ್ಜನ್ ಬಲೆಯಂಥ ಕೈಗವಸು ತೊಟ್ಟು ಬೆರಳಾಡಿಸಿದರೆ, ಅಷ್ಟು ದೂರದ ಊರಿನಲ್ಲಿ ಉಕ್ಕಿನ ಕೈ ಹಾಗೆಯೇ ಆಡುತ್ತದೆ. ಕೈಗವಸಿನ ಒಳಮೈಗೆ ನವಣೆ ಕಾಳಿನಷ್ಟು ಸಣ್ಣ ಮಣಿಗಳು. ಅವು ಚರ್ಮಕ್ಕೆ ಅಂಟಿಕೊಂಡು, ಬೆರಳು ಎಲ್ಲಿದೆ, ಎಷ್ಟು ಒತ್ತುತ್ತಿದೆ ಎಂದು ಯಂತ್ರಕ್ಕೆ ಹೇಳುತ್ತಿರುತ್ತವೆ.

ಮೊದಮೊದಲು ಜನ ಹೆದರಿದರು. ಕಬ್ಬಿಣದ ಕೈಯಿಂದ ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಸ್ಟ್ರೆಚರಿನಿಂದ ಎದ್ದು ಹೋದವರಿದ್ದರು. ಒಬ್ಬ ಅಜ್ಜಿ ಉಕ್ಕಿನ ಕೈಗೆ ವಿಭೂತಿ ಹಚ್ಚಿದ ಮೇಲೆಯೇ ಮಗಳನ್ನು ಒಳಗೆ ಬಿಟ್ಟಳು. ಆಮೇಲೆ ನಾಲ್ಕು ಜನ ಬದುಕಿ ಮನೆಗೆ ಹೋದರು, ಎಲ್ಲರಿಗೂ ರೂಢಿಯಾಯಿತು. ಇದನ್ನು ನಾನು ಇಲ್ಲವೆನ್ನುವುದಿಲ್ಲ. ದೂರಗೈ ಬಂದ ಮೇಲೆ ನಮ್ಮ ಸೀಮೆಯಲ್ಲಿ ಹಾದಿಯ ಮೇಲೆ, ಆಂಬುಲೆನ್ಸಿನಲ್ಲಿ ಸಾಯುವುದು ಕಡಿಮೆಯಾಯಿತು.

ಆದರೆ ಆ ಎಂಟು ಕುರ್ಚಿಗಳಲ್ಲಿ ಯಾರು ಕೂರಬೇಕು? ಹೆಂಗಸರು ಬೇಡ ಎಂದು ಎಲ್ಲೂ ಬರೆದಿರಲಿಲ್ಲ. ಬದಲಿಗೆ, ಇಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಯಂತ್ರವೇ ಪರೀಕ್ಷಕ ಎಂದು ಕೇಂದ್ರದ ಬಾಗಿಲಲ್ಲೇ ಫಲಕ ಹಾಕಿದ್ದರು. ಕೈಗವಸು ತೊಟ್ಟು, ಪರದೆಯ ಮೇಲಿನ ಸುಳ್ಳು ರೋಗಿಯ ಹೊಟ್ಟೆ ಕೊಯ್ದು ಹೊಲಿಯಬೇಕು. ಪರದೆಯ ಕೆಳಗೆ ಒಂದು ಹಸಿರು ಗೆರೆ ಓಡುತ್ತಿರುತ್ತದೆ. ಕತ್ತಿ ಹಿಡಿದ ಕೈ ನಡುಗಿದರೆ ಆ ಗೆರೆ ಗರಗಸದ ಹಲ್ಲಿನಂತಾಗಿ ಕೆಂಪಗಾಗುತ್ತದೆ. ಕೆಂಪಾದರೆ ಕುರ್ಚಿ ಇಲ್ಲ. ಪರೀಕ್ಷೆಗೆ ಹೋದ ಲೇಡಿ ಡಾಕ್ಟರುಗಳೆಲ್ಲ ಕೆಂಪು ಗೆರೆ ನೋಡಿಕೊಂಡು ವಾಪಸು ಬಂದು, ತಮ್ಮ ತಮ್ಮ ತಾಲ್ಲೂಕಿನಲ್ಲಿ ಉಕ್ಕಿನ ಕೈಯ ಪಕ್ಕ ನಿಂತು ರಕ್ತ ಒರೆಸುವ ಕೆಲಸಕ್ಕೆ ಹೊಂದಿಕೊಂಡಿದ್ದರು. ಬಡ್ತಿ ಕುರ್ಚಿಯವರಿಗೆ, ನಿಂತು ನಿಂತು ಕಾಲು ಬಾತುಕೊಳ್ಳುವುದು ಇವರಿಗೆ.

ನನ್ನ ಕಾಲದಲ್ಲಿ ಬೇಡ ಎನ್ನಲು ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಐಸಿಯು ತರಬೇತಿಗೆ ನನ್ನನ್ನು ಕಳಿಸಿ ಎಂದು ಕೇಳಿದಾಗ ಅಂದಿನ ಸಾಹೇಬರು, ಸಣ್ಣ ಮಗುವನ್ನು ಬಿಟ್ಟು ಬೆಂಗಳೂರಿನಲ್ಲಿ ಹೇಗಿರುತ್ತೀ ಎಂದು ನನ್ನ ಪರವಾಗಿ ತಾವೇ ಚಿಂತೆ ಮಾಡಿ, ನನಗಿಂತ ಕಿರಿಯನಾದ ಗಂಡು ನರ್ಸೊಬ್ಬನನ್ನು ಕಳಿಸಿಬಿಟ್ಟರು. ಮನಸಾರೆ ಬೈದುಕೊಂಡು ಹಗುರಾದೆ. ಯಂತ್ರವನ್ನು ಏನೆಂದು ಬೈಯುವುದು?

ಕುರ್ಚಿಯೊಂದು ಖಾಲಿಯಾದಾಗ ಇಂಚರಾ ಅರ್ಜಿ ಹಾಕಿದಳು. ಆಗ ಅವಳಿಗೆ ಆರು ತಿಂಗಳು. ಕೇಂದ್ರದ ಮುಖ್ಯಸ್ಥರು ಡಾಕ್ಟರ್ ವೀರನಗೌಡರು. ಮೆಡಿಕಲ್ ಕಾಲೇಜಿನಲ್ಲಿ ಇವಳಿಗೆ ಕತ್ತಿ ಹಿಡಿಯಲು ಕಲಿಸಿದವರೇ. ಕೆಟ್ಟ ಮನುಷ್ಯರಲ್ಲ, ಮಾತು ಸ್ವಲ್ಪ ದೊಡ್ಡದು. ಕೇಂದ್ರದ ಉದ್ಘಾಟನೆಯ ದಿನ ಮಂತ್ರಿಗಳು, ಇಷ್ಟೊಂದು ತಾಲ್ಲೂಕಿನ ಕೇಸು ಎಂಟೇ ಜನ ನಿಭಾಯಿಸುತ್ತೀರಾ ಎಂದು ಕೇಳಿದ್ದಕ್ಕೆ, ನಾವೇನು ಕೈಗೆ ಬಳೆ ತೊಟ್ಟುಕೊಂಡು ಕೂತಿಲ್ಲ ಎಂದಿದ್ದರು. ಸಭೆ ಚಪ್ಪಾಳೆ ತಟ್ಟಿತ್ತು. ನರ್ಸುಗಳ ಸಾಲಿನಲ್ಲಿ ಕೂತಿದ್ದ ನಾವೆಲ್ಲ ನಮ್ಮ ನಮ್ಮ ಕೈ ನೋಡಿಕೊಂಡಿದ್ದೆವು.

ಇಂಚರಾಳ ಗೆರೆಯೂ ಕೆಂಪಾಯಿತು. ವೀರನಗೌಡರು ಅವಳನ್ನು ಕೂರಿಸಿ, ಮಜ್ಜಿಗೆ ತರಿಸಿ ಕೊಟ್ಟು, ಬಸುರಿ ಹೆಂಗಸಿಗೆ ಇದೆಲ್ಲ ಸಹಜ, ಹೆರಿಗೆ ಆದ ಮೇಲೆ ನೋಡೋಣ ಎಂದು ಸಮಾಧಾನ ಹೇಳಿದರಂತೆ. ಅಷ್ಟರಲ್ಲಿ ಕುರ್ಚಿ ತುಂಬಿರುತ್ತದೆ ಎಂಬುದು ಅವರಿಗೂ ಗೊತ್ತು, ಇವಳಿಗೂ ಗೊತ್ತು. ಅದಕ್ಕೆ ಮೊದಲು ಹೋಗಿ ಬಂದವರಲ್ಲಿ ಒಬ್ಬರೂ ಬಸುರಿಯಾಗಿರಲಿಲ್ಲ ಎಂಬುದು ಮಾತ್ರ ಆ ಕೋಣೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮನೆಗೆ ಬಂದವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಚಹಾ ಕೊಟ್ಟರೆ ಬಸಿಯಲ್ಲಿ ಕಪ್ಪು ಸಣ್ಣಗೆ ಸದ್ದು ಮಾಡಿತು. ಅವಳು ಕಪ್ಪು ಕೆಳಗಿಟ್ಟು ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡಳು. ಆಮೇಲೆ ಅದೇ ಅವಳ ಅಭ್ಯಾಸವಾಯಿತು. ರೊಟ್ಟಿ ಮುರಿಯುವಾಗ, ತಲೆ ಬಾಚುವಾಗ, ಸುಮ್ಮನೆ ಕೂತಾಗ ಕೈಯನ್ನು ಮುಂದೆ ಚಾಚಿ ನೋಡುವುದು. ಒಂದು ಹೊಟ್ಟೆ ಕೊಯ್ದರೆ ಹೊಲಿಗೆಯ ಗುರುತೂ ಉಳಿಯದ ಹಾಗೆ ಕೂಡಿಸುತ್ತಿದ್ದ ಹುಡುಗಿ, ತನ್ನ ಕೈಯನ್ನು ಪರರ ಕೈಯ ಹಾಗೆ ನೋಡತೊಡಗಿದ್ದಳು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಬಸುರಿಗೆ ಮಾಡುವ ಸೀಮಂತ, ಇಟ್ಟುಕೊಂಡೆವು. ಅವಳ ತವರಿನವರು ಹಸಿರು ಸೀರೆ, ಕುಬಸದ ಖಣ, ಬುಟ್ಟಿ ತುಂಬ ಹೋಳಿಗೆ ತಂದರು. ಹಸಿರು ಗಾಜಿನ ಬಳೆ ಮಾತ್ರ ತನ್ನ ಜವಾಬ್ದಾರಿ ಎಂದು ಪ್ರಭು ಮೊದಲೇ ಹಟ ಹಿಡಿದಿದ್ದ. ಹೆಂಡತಿ ಮಂಕಾಗಿದ್ದಾಳೆ, ನಗಿಸಬೇಕು ಎಂದು ಅವನ ಆಸೆ. ಅವಳು ಮಲಗಿದ್ದಾಗ ಮಣಿಕಟ್ಟಿಗೆ ದಾರ ಸುತ್ತಿ ಅಳತೆ ತೆಗೆದು, ಪೇಟೆಗೆ ಹೋಗಿ ಎರಡು ಡಜನ್ ತಂದಿದ್ದ.

ಮಣೆಯ ಮೇಲೆ ಕೂರಿಸಿ ಉಡಿ ತುಂಬಿದ ಮೇಲೆ ಅವಳ ಚಿಕ್ಕಮ್ಮ ಬಳೆ ಏರಿಸಲು ಹೋದರು. ಬಳೆ ಬೆರಳು ದಾಟಿತು, ಗೆಣ್ಣಿನ ಹತ್ತಿರ ನಿಂತಿತು. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ಊಹೂಂ. ಅಂಥ ದಿನ ಬಳೆ ಒಡೆಯಬಾರದೆಂದು ಹೆಂಗಸರೆಲ್ಲ ಉಸಿರು ಬಿಗಿಹಿಡಿದಿದ್ದರು. ಪ್ರಭು ಬಾಗಿಲಲ್ಲಿ ನಿಂತು, ಮಣಿಕಟ್ಟಿನ ಸುತ್ತಳತೆ ಕರೆಕ್ಟ್ ಇದೆ, ಪೈಯಿಂದ ಭಾಗಿಸಿಯೇ ತಂದಿದ್ದೇನೆ ಎಂದು ವಾದಿಸುತ್ತಿದ್ದ.

ಚಿಕ್ಕಮ್ಮ ತಲೆಯೆತ್ತಿ ಅಳಿಯನನ್ನು ನೋಡಿದರು. "ಬಳಿ ಇರೂದು ಮಣಿಕಟ್ಟಿನಾಗ ಖರೆ ರೀ ಮಾಸ್ತರ, ಆದ್ರ ಅದು ದಾಟಬೇಕಾಗಿದ್ದು ಗೆಣ್ಣು. ಎಲ್ಲಿ ಅಳೀಬೇಕೋ ಅಲ್ಲಿ ಅಳೀದ, ಎಲ್ಲೋ ಅಳದು ತಂದೀರಲ್ಲ."

ಕೂತಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಣಿತದ ಮಾಸ್ತರನ ಗಣಿತ ಬಳೆಯಲ್ಲಿ ಸಿಕ್ಕಿಬಿದ್ದಿತ್ತು. ಇಂಚರಾಳೂ ನಕ್ಕಳು, ಎಷ್ಟೋ ದಿನದ ಮೇಲೆ. ನಗುತ್ತ ನಗುತ್ತಲೇ ಥಟ್ಟನೆ ನಿಲ್ಲಿಸಿದಳು. ಗೆಣ್ಣಿಗೆ ಸಿಕ್ಕ ಬಳೆಯೊಡನೆ ಕೈಯನ್ನು ಮುಂದೆ ಚಾಚಿ ನೋಡಿದಳು. ಈ ಸಲ ಅದು ತನ್ನ ಕೈಯೇ ಎಂಬ ಹಾಗೆ ನೋಡಿದಳು.

ಶಾಸ್ತ್ರ ಅರ್ಧಕ್ಕೇ ಬಿಟ್ಟು ಒಳಕೋಣೆಗೆ ಹೋಗಿ ಇಮ್ತಿಯಾಜನಿಗೆ ಫೋನು ಮಾಡಿದಳು. ಕೇಂದ್ರದ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವನು, ಮೆತ್ತಗಿನ ಹುಡುಗ. ನಾನೂ ಹಿಂದೆಯೇ ಹೋದೆ, ಫೋನು ಸ್ಪೀಕರಿನಲ್ಲಿತ್ತು. ಹಸಿರು ಸೀರೆಯಲ್ಲಿ ಮಂಚದ ಮೇಲೆ ಕೂತು ಅವಳು ಕೇಳಿದ್ದು ಒಂದೇ ಪ್ರಶ್ನೆ: ಕೈಗವಸಿನ ನಂಬರು ಗೊತ್ತುಮಾಡಲು ಯಂತ್ರ ಕೈಯನ್ನು ಎಲ್ಲಿ ಅಳೆಯುತ್ತದೆ?

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಎಂದ ಅವನು. ಉದ್ದ ಅಷ್ಟೇ. ಅಗಲವನ್ನು ಯಂತ್ರ ಉದ್ದದ ಮೇಲಿಂದ ಊಹಿಸಿಕೊಳ್ಳುತ್ತದೆ. ಊಹೆ ಯಾರ ಕೈ ನೋಡಿ ಕಲಿತದ್ದು ಎಂದು ಇವಳು ಕೇಳಿದಳು. ಯಂತ್ರ ತಯಾರಾಗುವಾಗ ಹತ್ತಿರ ಇದ್ದ ಸರ್ಜನ್ನರ ಕೈಯಂತೆ. ಎಲ್ಲ ಗಂಡಸರೇನು ಎಂದಳು. ಇಮ್ತಿಯಾಜ್, ಆಗ ಸಿಕ್ಕವರು ಅವರೇ ಅಂತ ಕೇಳೀನಿ ಮೇಡಂ ಎಂದ.

ಇಂಚರಾ ನನಗೆ ಬಿಡಿಸಿ ಹೇಳಿದಳು. ಉದ್ದ ಒಂದೇ ಇದ್ದರೂ ಹೆಂಗಸರ ಕೈ ಸಾಮಾನ್ಯವಾಗಿ ಗೆಣ್ಣಿನ ಹತ್ತಿರ ಸಪೂರ. ಅಲ್ಲಿ ಕೈಗವಸು ಸಡಿಲವಾಗುತ್ತದೆ. ಸಡಿಲವಾದಲ್ಲಿ ಮಣಿಗಳು ಚರ್ಮದ ಮೇಲೆ ಜಾರುತ್ತವೆ. ಕೈ ಕದಲದಿದ್ದರೂ ಮಣಿ ಕದಲಿದ್ದನ್ನು ಕಂಡು ಯಂತ್ರ ಅದಕ್ಕೆ ನಡುಕ ಎಂದು ಹೆಸರಿಡುತ್ತದೆ. ಫೋನಿನ ಆ ಕಡೆಯಿಂದ ಇಮ್ತಿಯಾಜ್ ಇನ್ನೊಂದು ಮಾತು ಸೇರಿಸಿದ. ದಿನಾ ಬೆಳಿಗ್ಗೆ ಯಂತ್ರ ಪರೀಕ್ಷಿಸಲು ತಾನು ಕೈಗವಸು ತೊಟ್ಟರೆ ತನ್ನ ಗೆರೆಯೂ ಕೆಂಪಾಗುತ್ತದೆ, ತನ್ನದೂ ಸಪೂರದ ಕೈ. ಚಹಾ ಜಾಸ್ತಿಯಾಗಿದೆ ಎಂದುಕೊಂಡು ಚಹಾ ಬಿಟ್ಟುಬಿಟ್ಟೆ ಎಂದ. ಪಾಪ ಹುಡುಗ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅದು ಸಂಜೆಯವರೆಗೂ ಉಳಿಯಲಿಲ್ಲ. ಮರುಪರೀಕ್ಷೆಗೆ ಅವಕಾಶವೇನೋ ಇತ್ತು, ಯಂತ್ರದ್ದೇ ದೋಷ ಎಂದು ಬರೆದುಕೊಟ್ಟವರಿಗೆ ಮಾತ್ರ. ಆ ಎರಡನೆಯ ಸಲವೂ ಗೆರೆ ಕೆಂಪಾದರೆ, ಕೈ ನಡುಕ ಎಂದು ಸೇವಾ ದಾಖಲೆಗೆ ಸೇರುತ್ತದೆ. ಆಮೇಲೆ ಕುರ್ಚಿಯ ಮಾತಿರಲಿ, ನಮ್ಮ ತಾಲ್ಲೂಕಿನಲ್ಲಿ ತನ್ನದೇ ಕೈಯಲ್ಲಿ ತುರ್ತು ಹೆರಿಗೆಗೂ ಅವಳು ಕತ್ತಿ ಹಿಡಿಯುವಂತಿಲ್ಲ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಇದ್ದದ್ದನ್ನೂ ಕಳೆದುಕೊಳ್ಳುವ ಆಟ ಬೇಡ ಎಂದು ನಾನು ಹೇಳಿದೆ. ತವರಿಗೆ ಹೋಗಿ ಹಾಯಾಗಿ ಹೆರಿಗೆ ಮಾಡಿಕೊಂಡು ಬಾ, ಆಮೇಲೆ ಜಗಳ ಮಾಡೋಣ, ನಾನೂ ಬರುತ್ತೇನೆ ಎಂದೆ. ನನಗೆ ನಿಜವಾಗಿ ಭಯವಾಗಿತ್ತು. ಯಂತ್ರಕ್ಕಿಂತ ಹೆಚ್ಚಾಗಿ, ಅಂದು ಬಸಿಯಲ್ಲಿ ಕಪ್ಪು ಮಾಡಿದ ಸದ್ದು ನನ್ನ ಕಿವಿಯಲ್ಲಿತ್ತು.

ಅವಳು ಎದುರು ಮಾತಾಡುವ ಹುಡುಗಿಯಲ್ಲ. ಹೋಳಿಗೆಯ ತಾಟನ್ನು ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು.

"ನಡುಗದ ಕೈನ ನಡುಗ್ತೈತಿ ಅಂತ ಒಪ್ಪಿಕೊಂಡು ಕುಂತ್ರ, ಅದು ಖರೇನ ನಡುಗಾಕ ಸುರು ಮಾಡ್ತೈತಿ ಅತ್ತಿ. ಸುರು ಆಗೈತಿ, ನೀವು ನೋಡೀರಿ."

ನಾನು ನೋಡಿದ್ದೆ. ಮತ್ತೆ ಬೇಡ ಎನ್ನಲಿಲ್ಲ.

ಅವಳು ಹೇಳಿದಂತೆ ಪ್ರಭು ಪೇಟೆಗೆ ಓಡಿಹೋಗಿ ಪ್ರತಿ ಅಳತೆಯದೂ ಒಂದೊಂದು ಬಳೆ ತಂದುಕೊಟ್ಟ. ಈ ಸಲ ದಾರ ಹಿಡಿದು ಹೋಗಲಿಲ್ಲ. ಅವನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡು ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿದೆವು.

ನಿಯಂತ್ರಣ ಕೋಣೆಗೆ ಒಂದು ಕಡೆ ಪೂರಾ ಗಾಜಿನ ಗೋಡೆ. ಅದರಾಚೆ ರೋಗಿಗಳ ಸಂಬಂಧಿಕರು ಕೂರುವ ಬೆಂಚು. ನನಗೆ ಅಲ್ಲಿ ಕೂರಲು ಹೇಳಿದರು. ಒಳಗಿನ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಒಳಗೆ ಕುರ್ಚಿಗಳಲ್ಲಿ ಕೂತವರು ಕತ್ತಲಲ್ಲಿ ಏನನ್ನೋ ಹುಡುಕುವವರ ಹಾಗೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದರು. ಅವರ ಮುಂದಿನ ಪರದೆಗಳಲ್ಲಿ ಬೇರೆ ಬೇರೆ ಊರಿನ ಹೊಟ್ಟೆಗಳು, ಎಲುಬುಗಳು. ಅಂಚಿನಲ್ಲಿ ಹತ್ತಿ ಹಿಡಿದು ನಿಂತ ಕೈಗಳು ಮಾತ್ರ ಹೆಂಗಸರವು.

ವೀರನಗೌಡರು ಅರ್ಜಿ ಓದಿ ಹಣೆ ಉಜ್ಜಿಕೊಂಡರು. ಗೆರೆ ಕೆಂಪಾದರೆ ತಾವು ವರದಿಯನ್ನು ಮೇಲಕ್ಕೆ ಕಳಿಸಲೇಬೇಕಾಗುತ್ತದೆ, ಆಮೇಲೆ ತಮ್ಮ ಕೈಯಲ್ಲೂ ಏನೂ ಇರುವುದಿಲ್ಲ, ಇದು ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಸರ್ ಎಂದು ಹೇಳಿ ಇಂಚರಾ ಡಬ್ಬಿ ಬಿಚ್ಚಿದಳು.

ಮೇಜಿನ ಮೇಲೆ ಬಳೆ ಕಂಡು ಅವರು ಗಲಿಬಿಲಿಗೊಂಡರು. ಇವಳು ತನ್ನ ಅಂಗೈಯನ್ನು ಅವರ ಅಂಗೈಗೆ ಒತ್ತಿ ಹಿಡಿದಳು. ಉದ್ದ ಎರಡೂ ಒಂದೇ. ಇಬ್ಬರಿಗೂ ಯಂತ್ರ ಕೊಟ್ಟದ್ದು ಮೂರನೆಯ ನಂಬರಿನ ಕೈಗವಸೇ. ಆಮೇಲೆ ಬೆರಳು ಮಡಚಿ ಒಂದು ಬಳೆ ಏರಿಸಿಕೊಂಡಳು. ಅದು ಸಲೀಸಾಗಿ ಗೆಣ್ಣು ದಾಟಿತು. ಅದೇ ಬಳೆಯನ್ನು ತೆಗೆದು, ಒಂದು ಸಲ ಹಾಕಿಕೊಳ್ಳಿ ಸರ್ ಎಂದು ಮುಂದೆ ಹಿಡಿದಳು. ಸುತ್ತ ಕೆಲಸವಿಲ್ಲದೆ ಕೂತವರು ಕತ್ತು ತಿರುಗಿಸಿದರು. ಗೌಡರು ಅತ್ತಿತ್ತ ನೋಡಿ, ಕೈ ಚಾಚಿ ತೂರಿಸಿಕೊಂಡರು. ಬಳೆ ಅವರ ಗೆಣ್ಣಿಗೆ ಹೋಗಿ ಕಚ್ಚಿಕೊಂಡಿತು. ಮುಂದೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಇಮ್ತಿಯಾಜ್ ಸೋಪಿನ ನೀರು ತರಲು ಓಡಿದ.

ಆ ಸೋಪು ಬರುವಷ್ಟರಲ್ಲಿ ಇಂಚರಾ ಎಲ್ಲ ಹೇಳಿ ಮುಗಿಸಿದಳು. ಉದ್ದ ಒಂದೇ, ಅಗಲ ಬೇರೆ, ಕೈಗವಸು ಮಾತ್ರ ಇಬ್ಬರಿಗೂ ಅದೇ. ಗೌಡರು ಹಸಿರು ಬಳೆ ಸಿಕ್ಕಿಕೊಂಡ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದರು. ಅವರ ಉದ್ಘಾಟನೆಯ ಭಾಷಣ ನನಗೆ ನೆನಪಾಯಿತು. ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ.

ಕಾರಣವೇನೋ ಸರಿ, ಆದರೆ ಸಪೂರದ ಕೈಗವಸು ಎಲ್ಲಿಂದ ತರುವುದು, ಮಾಡಿಸಿ ತರಿಸಲು ಎಷ್ಟು ತಿಂಗಳೋ ಎಂದು ಅವರು ಕೇಳಿದರು. ಇಂಚರಾ ಸೂಜಿ, ಹೊಲಿಗೆಯ ದಾರ ತರಿಸಿ ಎಂದಳು. ಇಮ್ತಿಯಾಜ್ ಸೋಪು ಹಚ್ಚಿ ಗೌಡರ ಕೈಯಿಂದ ಬಳೆ ಕಳಚಿ, ಬೆರಳ ತುದಿ ಹರಿದು ಪಕ್ಕಕ್ಕಿಟ್ಟಿದ್ದ ಹಳೆಯ ಕೈಗವಸೊಂದನ್ನು ತಂದ. ಮಣಿಗಳು ಅದರಲ್ಲಿ ಸರಿಯಾಗಿಯೇ ಇದ್ದವು. ಅವಳು ಅದನ್ನು ಎಡಗೈಯಿಂದ ಬಲಗೈಗೆ ತೊಡಿಸಿಕೊಂಡು ಗುರುತು ಮಾಡಿ, ಬಿಚ್ಚಿ ಮೇಜಿನ ಮೇಲೆ ಹರಡಿದಳು. ಹೊಟ್ಟೆ ಅಡ್ಡ ಬರುತ್ತದೆಂದು ಸ್ವಲ್ಪ ಓರೆಯಾಗಿ ಕೂತಳು. ರವಿಕೆ ಸಡಿಲವಾದರೆ ಹಿಡಿಸುತ್ತೇವಲ್ಲ, ಹಾಗೆ ಅಂಗೈಯ ಎರಡೂ ಪಕ್ಕ ಬಟ್ಟೆ ಮಡಿಚಿ ಹೊಲಿಯತೊಡಗಿದಳು. ಒಂದು ಮಣಿಗೂ ಸೂಜಿ ತಾಗಬಾರದು. ಎರಡು ಮಣಿಗಳ ನಡುವೆ ಇರುವೆ ನುಸುಳುವಷ್ಟು ಜಾಗ.

ಗೌಡರು ಮೊದಲು ನಿಂತು ನೋಡುತ್ತಿದ್ದರು, ಆಮೇಲೆ ಕುರ್ಚಿ ಎಳೆದು ಅವಳೆದುರೇ ಕೂತರು. ಎಷ್ಟೆಂದರೂ ಸರ್ಜನ್. ಸೂಜಿ ಒಳಗೆ ಹೋಗಿ ಹೊರಗೆ ಬರುವುದನ್ನೇ ಅವರ ಕಣ್ಣು ಹಿಂಬಾಲಿಸುತ್ತಿತ್ತು. ಅವಳು ಕೊನೆಯ ಗಂಟು ಹಾಕಿ ದಾರ ಕತ್ತರಿಸಿದಾಗ ಅವರು ಕೈಗವಸನ್ನು ಕನ್ನಡಕದ ಹತ್ತಿರ ಹಿಡಿದು ಹೊಲಿಗೆಯ ಉದ್ದಕ್ಕೂ ನೋಡಿದರು. ತಾವೇ ಅವಳ ಕೈಗೆ ತೊಡಿಸಿದರು.

ಪರೀಕ್ಷೆ ಶುರುವಾಯಿತು. ಪರದೆಯ ಮೇಲೆ ಸುಳ್ಳು ರೋಗಿ, ಕೆಳಗೆ ಹಸಿರು ಗೆರೆ. ನಾನು ಸುಳ್ಳು ರೋಗಿಯ ಕಡೆ ನೋಡಲೇ ಇಲ್ಲ. ಗೆರೆಯ ಮೇಲೆ ಕಣ್ಣು ನೆಟ್ಟು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕೊಯ್ಯುವಾಗ ಗೆರೆ ನೆಟ್ಟಗಿತ್ತು. ರಕ್ತನಾಳ ಕಟ್ಟುವಾಗ ನೆಟ್ಟಗಿತ್ತು. ನಡುವೆ ಒಮ್ಮೆ ಇಂಚರಾ ತುಟಿ ಕಚ್ಚಿ ಉಸಿರೆಳೆದಳು. ನಾನು ಬೆಂಚಿನಿಂದ ಅರ್ಧ ಎದ್ದೆ. ಕೂಸು ಒದೆಯಿತು ಅತ್ತಿ ಎಂದು ಆಮೇಲೆ ಹೇಳಿದಳು. ಗೆರೆಗೆ ಅದು ಗೊತ್ತೇ ಆಗಲಿಲ್ಲ. ಹೊಲಿಗೆ ಮುಗಿಯುವವರೆಗೂ ಇಸ್ತ್ರಿ ಮಾಡಿದ ಸೀರೆಯ ಅಂಚಿನ ಹಾಗೆ ಹಸಿರಾಗಿಯೇ ಹೋಯಿತು.

ನಾನು ಗಾಜಿನ ಈ ಕಡೆ ಕೂತು ಅತ್ತೆ. ಪಕ್ಕದಲ್ಲಿದ್ದ ಯಾರೋ ಹೆಂಗಸು, ನಿಮ್ಮವರಿಗೆ ಆಪರೇಷನ್ ಸರಿಯಾಯಿತೇ ಎಂದು ಕೇಳಿದಳು. ಆಯಿತವ್ವ, ಚಲೋ ಆಯಿತು ಎಂದೆ.

ಒಳಗೆ ವೀರನಗೌಡರು ಎದ್ದು ನಿಂತಿದ್ದರು. ದೊಡ್ಡ ಮಾತಿನ ಮನುಷ್ಯ, ಆಗ ಮಾತ್ರ ದನಿ ಸಣ್ಣದಾಗಿತ್ತು.

"ನಿನ್ನ ಹೊಲಿಗಿ ನೋಡಿದ ಮ್ಯಾಲ ನನಗ ಗೆರಿ ನೋಡೂ ಜರೂರತ್ತು ಇರಲಿಲ್ಲವ್ವ. ಆದ್ರ ಈ ಬಾಗಲದಿಂದ ವಾಪಸ್ ಹೋದವರ ಹೊಲಿಗಿ ನಾ ಯಾರದೂ ನೋಡಲಿಲ್ಲಲ್ಲ."

ಅಂದೇ ಕೂತು ವಾಪಸು ಹೋದವರಿಗೆಲ್ಲ ಒಬ್ಬೊಬ್ಬರಾಗಿ ಅವರೇ ಫೋನು ಮಾಡಿದರು. ಮತ್ತೆ ಬನ್ನಿ, ಈ ಸಲ ಸರಿಯಾದ ಕೈಗವಸು ಇರುತ್ತದೆ ಎಂದರು. ಒಬ್ಬಾಕೆ ನಂಬದೆ ಫೋನು ಇಟ್ಟುಬಿಟ್ಟರಂತೆ. ಗೌಡರು ಇನ್ನೊಮ್ಮೆ ಮಾಡಿದರು. ಇಂಚರಾಳಿಗೆ ಕುರ್ಚಿ ಸಿಕ್ಕಿತು. ಹೆರಿಗೆ ರಜೆಯಲ್ಲಿ ಅದನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು ಬರೆದುಕೊಡಿ ಎಂದು ಅವಳು ಬಾಯಿ ಬಿಟ್ಟು ಕೇಳಿದಳು, ಅವರು ಬರೆದುಕೊಟ್ಟರು. ಇಮ್ತಿಯಾಜ್ ಮತ್ತೆ ಚಹಾ ಶುರುಮಾಡಿದ.

ಇನ್ನು ಮುಂದೆ ಗಂಡಾಗಲಿ ಹೆಣ್ಣಾಗಲಿ, ಪರೀಕ್ಷೆಗೆ ಬಂದವರ ಗೆಣ್ಣಿನ ಅಳತೆ ಮೊದಲು ತೆಗೆಯಬೇಕು, ಅದಕ್ಕೆ ತಕ್ಕಂತೆ ಕೈಗವಸು ಹಿಡಿಸಬೇಕು ಎಂದಾಯಿತು. ಅಳೆಯುವ ಉಪಕರಣ ತರಿಸಲು ಸರಕಾರಕ್ಕೆ ಬರೆದರೆ ಅದು ಬರುವಷ್ಟರಲ್ಲಿ ನನ್ನ ಮೊಮ್ಮಗು ಶಾಲೆಗೆ ಹೋಗುತ್ತಿರುತ್ತದೆ. ಉಪಕರಣ ನಾನು ತರುತ್ತೇನೆ ಎಂದು ಗೌಡರಿಗೆ ಹೇಳಿ, ಸೊಸೆಯನ್ನು ಕೇಂದ್ರದಲ್ಲಿ ಬಿಟ್ಟು ಬಳೆಪೇಟೆಗೆ ಹೋದೆ.

ಅಂಗಡಿಯಾಕೆ ನನ್ನ ಗುರುತಿನವಳು, ನಮ್ಮೂರಿನ ಹೆಣ್ಣು, ತವರಿಗೆ ಬಂದು ಹೆತ್ತ ಅವಳ ಎರಡೂ ಮಕ್ಕಳು ನನ್ನ ಕೈಯಲ್ಲೇ ಹುಟ್ಟಿದ್ದು. ಎಲ್ಲ ಅಳತೆಯದೂ ಒಂದೊಂದು ಡಜನ್ ಕೊಡು ಎಂದೆ. ಅತಿ ಸಣ್ಣದರಿಂದ ಹಿಡಿದು ದಪ್ಪ ಗಂಡಸಿನ ಕೈಗೂ ಆಗುವಂಥದ್ದರವರೆಗೆ, ಎಲ್ಲ ಹಸಿರೇ ಇರಲಿ ಎಂದೆ. ಅವಳು ಗೋಡೆಯ ಮೇಲಿನ ಸಾಲುಗಳ ಮುಂದೆ ನಿಂತು, ಹಿಂದಕ್ಕೆ ತಿರುಗಿ ನನ್ನನ್ನೇ ನೋಡಿದಳು.

"ಇಷ್ಟೊಂದು? ಯಾರ ಕುಬಸ ಐತ್ರಿ ಸಿಸ್ಟರ್?"

"ನಮ್ಮ ದವಾಖಾನಿದವ್ವ," ಎಂದೆ.